ಎಲ್ಲದಕ್ಕೂ 'ನೋ' ಹಾಕಿ ನೀರಿಗಿಳಿಯುವವರಿಗೆ

ಕಳೆದ ಡಿಸೆಂಬರಿನ ಒಂದು ಭಾನುವಾರ, ಬೆಳಗ್ಗೆ ಏಳು ಗಂಟೆ. ಮುರ್ಡೇಶ್ವರದ ದಡದಲ್ಲಿ ನಾಲ್ಕು ಹುಡುಗರು ಒಬ್ಬರ ಬೆನ್ನ ಮೇಲೆ ಒಬ್ಬರು ಕಾಗದ ಇಟ್ಟುಕೊಂಡು ಟಿಕ್ ಹಾಕುತ್ತಿದ್ದರು. ಎರಡು ಪುಟದ ಇಂಗ್ಲಿಷ್ ಫಾರ್ಮ್. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಯಸ್, ನೋ. "ಎಲ್ಲದಕ್ಕೂ ನೋ ಹಾಕಿ, ಕೆಳಗೆ ಸೈನ್ ಮಾಡಿ, ಬೋಟ್ ರೆಡಿ ಇದೆ" ಎಂದು ಫಾರ್ಮ್ ಹಂಚಿದವನು ಅವಸರ ಮಾಡುತ್ತಿದ್ದ. ಒಂದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಆ ನಾಲ್ವರಲ್ಲಿ ಒಬ್ಬ ನನ್ನ ಚಿಕ್ಕಮ್ಮನ ಮಗ. ಅವನಿಗೆ ಚಿಕ್ಕಂದಿನಿಂದ ದಮ್ಮು ಇದೆ. ಚಳಿಗಾಲ ಬಂದರೆ ಜೇಬಿನಲ್ಲಿ ಇನ್ಹೇಲರ್ ಇಲ್ಲದೆ ಹೊಲಕ್ಕೂ ಹೋಗುವವನಲ್ಲ. ಆ ಫಾರ್ಮಿನಲ್ಲಿ ಅಸ್ತಮಾ ಇದೆಯೇ ಎಂಬ ಪ್ರಶ್ನೆ ಸ್ಪಷ್ಟವಾಗಿ ಇತ್ತು. ನಾನು ಪಕ್ಕದಲ್ಲೇ ನಿಂತು ಅದನ್ನು ಓದಿದೆ. ಅವನು ನೋ ಹಾಕಿದ್ದನ್ನೂ ನೋಡಿದೆ. ಬಾಯಿ ಬಿಡಲಿಲ್ಲ. ಏಕೆಂದರೆ ಆ ದೋಣಿಯಲ್ಲಿ ನನಗೆ ಪುಕ್ಕಟೆ ಸೀಟು ಸಿಕ್ಕಿತ್ತು, ನೇತ್ರಾಣಿ ಸೀಸನ್ ಬಗ್ಗೆ ಒಂದು ಬಣ್ಣದ ಸುದ್ದಿ ಬರೆಯುವುದಿತ್ತು. ಈ ಲೇಖನದಲ್ಲಿ ಬೇರೆಯವರಿಗೆ ಬೈಯುವ ಮೊದಲು ಇದನ್ನು ಹೇಳಿಬಿಡಬೇಕು.

ನೇತ್ರಾಣಿ ಗೊತ್ತಿಲ್ಲದವರಿಗೆ: ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗೆ ಕಡಲಲ್ಲಿರುವ ಕಲ್ಲು ದ್ವೀಪ. ಸುತ್ತಲೂ ಹವಳ, ಬಣ್ಣ ಬಣ್ಣದ ಮೀನು. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸಿದ ಜಾಗವೂ ಅದೇ (ಆ ಕಥೆ ಇನ್ನೊಂದು ದಿನ). ಮಳೆಗಾಲ ಕಳೆದ ಮೇಲೆ ಬೇಸಿಗೆವರೆಗೆ ಇಲ್ಲಿ ಸ್ಕೂಬಾ ನಡೆಯುತ್ತದೆ. 2022ರಲ್ಲಿ 'ಗಂಧದಗುಡಿ' ಬಂತು. ಅದರಲ್ಲಿ ಅಪ್ಪು ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿದ ಮೇಲೆ ಘಟ್ಟದ ಮೇಲಿನ ಹುಡುಗರಿಗೆಲ್ಲ ಒಮ್ಮೆ ಹೋಗಲೇಬೇಕು ಅನ್ನಿಸಿದೆ. ತಪ್ಪೇನಿಲ್ಲ. ನಮ್ಮ ಕಡಲು ನಮ್ಮ ಹುಡುಗರು ನೋಡದೆ ಇನ್ಯಾರು ನೋಡಬೇಕು?

ನನ್ನ ತಕರಾರು ಶುರುವಾಗುವುದು ಸಾಮಾನಿನಿಂದ. ನಮ್ಮ ತಮ್ಮ ಹಾವೇರಿ ಕಡೆಯವನು. ಗೋವಿನಜೋಳದ ದುಡ್ಡು ಬಂದಿತ್ತು, ಸಾಲದ್ದಕ್ಕೆ ಕಂತು. ಆನ್‌ಲೈನಿನಲ್ಲಿ ಒಂದು ಫಿನ್ ಜೋಡಿ, ಒಂದು ದಪ್ಪ ಸೂಟು, ಇಡೀ ಮುಖ ಮುಚ್ಚುವ ಮಾಸ್ಕು, ನೀರೊಳಗೆ ಹಿಡಿಯುವ ಕ್ಯಾಮೆರಾ ತರಿಸಿದ್ದ. ಈಜು ಬರುತ್ತದಾ ಎಂದು ಕೇಳಿದೆ. "ಕೆರ್ಯಾಗ ಒಂದೀಟು ಬರ್ತೈತಿ ಅಣ್ಣಾ. ಅಲ್ಲಿ ಅವ್ರೇ ಹಿಡ್ಕೊಂಡಿರ್ತಾರಂತ ಬಿಡು" ಎಂದ.

ಆ ಸಾಮಾನಿನ ಗತಿ ಏನಾಯಿತು ಕೇಳಿ. ಮುಖ ಮುಚ್ಚುವ ಮಾಸ್ಕನ್ನು ದೋಣಿಯಲ್ಲೇ ವಾಪಸ್ ಚೀಲಕ್ಕೆ ಹಾಕಿಸಿದರು. ಅದು ನೀರಿನ ಮೇಲೆ ತೇಲುತ್ತ ಕೆಳಗೆ ನೋಡಲು ಮಾಡಿದ್ದು, ಒಳಗೆ ಇಳಿಯಲು ಅಲ್ಲ. ಇಳಿಯುವಾಗ ಮೀಟರಿಗೊಮ್ಮೆಯಾದರೂ ಮೂಗು ಹಿಡಿದು ಮೆತ್ತಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ಆ ಮಾಸ್ಕಿನಲ್ಲಿ ಮೂಗಿಗೆ ಕೈ ಹೋಗುವುದೇ ಇಲ್ಲ. ದಪ್ಪ ಸೂಟು ನಮ್ಮ ಬೆಚ್ಚಗಿನ ನೀರಿಗೆ ಬೇಕಾಗಿರಲಿಲ್ಲ. ಹೊಸ ದಪ್ಪ ಸೂಟು ಬೆಂಡಿನ ಹಾಗೆ ತೇಲಿಸುತ್ತದೆ, ಮುಳುಗಿಸಲು ಸೊಂಟಕ್ಕೆ ಇನ್ನಷ್ಟು ಸೀಸ ಕಟ್ಟಬೇಕಾಯಿತು. ಇನ್ನೊಬ್ಬ ಹುಡುಗನ ಹೊಸ ಮಾಸ್ಕು ಸರಿಯಾದದ್ದೇ, ಆದರೆ ನೀರಿಗಿಳಿದ ಕೂಡಲೇ ಗಾಜೆಲ್ಲ ಮಂಜು. ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯ ತೆಳು ಪದರ ಇರುತ್ತದೆ, ಟೂತ್‌ಪೇಸ್ಟ್ ಹಾಕಿ ಉಜ್ಜಿ ತೆಗೆಯಬೇಕು. ರೀಲ್‌ನಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸುವವರು ಇದನ್ನು ಹೇಳುವುದಿಲ್ಲ. ಕೊನೆಗೆ ಇಬ್ಬರಿಗೂ ಒದಗಿದ್ದು ದೋಣಿಯಲ್ಲಿದ್ದ, ಗೀರು ಬಿದ್ದ ಹಳೆಯ ಮಾಸ್ಕುಗಳು.

ದುಡ್ಡು ಹೋದದ್ದು ಅವನ ಹಣೆಬರಹ ಅನ್ನಬಹುದು. ಆದರೆ ಆ ದುಡ್ಡು ಇನ್ನೊಂದು ಕೆಲಸ ಮಾಡಿತು. ಇಷ್ಟು ಸುರಿದ ಮೇಲೆ, ಮುಂಗಡ ಕೊಟ್ಟ ಮೇಲೆ, ಊರಿಗೆಲ್ಲ ಸ್ಟೇಟಸ್ ಹಾಕಿದ ಮೇಲೆ, ದಡದಲ್ಲಿ ನಿಂತು 'ನನಗೆ ದಮ್ಮು ಇದೆ' ಎಂದು ಬರೆಯುವ ಧೈರ್ಯ ಯಾರಿಗಿರುತ್ತದೆ? ಕಂತಿನ ಸಾಮಾನೇ ಅವನ ಕೈ ಹಿಡಿದು ನೋ ಹಾಕಿಸಿತು.

ದಮ್ಮಿಗೂ ಸ್ಕೂಬಾಕ್ಕೂ ಏನು ಸಂಬಂಧ? ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಹತ್ತು ಮೀಟರ್ ಕೆಳಗೆ ಹೋದರೆ ನೀರು, ಗಾಳಿ ಎರಡೂ ಸೇರಿ ಮೇಲಿನ ಎರಡರಷ್ಟು ಒತ್ತುತ್ತವೆ. ಸಿಲಿಂಡರ್ ಆ ಒತ್ತಡಕ್ಕೆ ತಕ್ಕಂತೆ ಗಾಳಿ ಕೊಡುತ್ತದೆ. ಅಲ್ಲಿ ಎದೆ ತುಂಬ ಉಸಿರು ಎಳೆದು, ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ ಅದೇ ಗಾಳಿ ಎರಡರಷ್ಟು ಉಬ್ಬುತ್ತದೆ. ಶ್ವಾಸಕೋಶ ಸೈಕಲ್ ಟ್ಯೂಬ್ ಅಲ್ಲ, ಹರಿಯುತ್ತದೆ. ಇದಕ್ಕೆ ಹತ್ತು ಮೀಟರೇ ಬೇಕಿಲ್ಲ, ನಾಲ್ಕೈದು ಅಡಿಯಿಂದ ಬಂದರೂ ಪೆಟ್ಟಾಗಬಹುದು. ಅದಕ್ಕೇ ಸ್ಕೂಬಾದ ಮೊದಲ ಪಾಠ: ಉಸಿರು ಯಾವತ್ತೂ ಹಿಡಿಯಬೇಡ, ಮೇಲೆ ಬರುವಾಗ ನಿಧಾನ. ನಿಮಿಷಕ್ಕೆ 9 ಮೀಟರಿಗಿಂತ ಹೆಚ್ಚು ಬೇಡ ಎನ್ನುವುದು ಈಗಿನ ಸಾಮಾನ್ಯ ಸಲಹೆ. ದಮ್ಮು ಇರುವವನು ಬಾಯಿ ತೆರೆದಿದ್ದರೂ ಎದೆಯೊಳಗಿನ ಸಣ್ಣ ನಾಳಗಳು ಬಿಗಿದು ಗಾಳಿ ಸಿಕ್ಕಿಹಾಕಿಕೊಳ್ಳಬಹುದು.

ನಮ್ಮ ಅಘನಾಶಿನಿಯಲ್ಲಿ ಬಳಚು ಹೆಕ್ಕುವವರು ಉಸಿರು ಹಿಡಿದೇ ಮುಳುಗುತ್ತಾರಲ್ಲ ಎಂದು ನೀವು ಕೇಳಬಹುದು. ಅವರು ಎಳೆದುಕೊಂಡದ್ದು ಮೇಲಿನ ಗಾಳಿ. ಕೆಳಗೆ ಹೋದರೆ ಕುಗ್ಗುತ್ತದೆ, ಬಂದರೆ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಕೆಳಗೇ ತುಂಬಿಕೊಳ್ಳುತ್ತೀರಿ. ಎರಡೂ ಒಂದೇ ಅಲ್ಲ.

ನಮ್ಮ ತಮ್ಮ ಆರೇಳು ಮೀಟರ್ ಇಳಿದಿದ್ದನಂತೆ. ಎದೆ ಬಿಗಿಯಿತು. ಹೆದರಿ ಬಾಯಲ್ಲಿದ್ದ ರೆಗ್ಯುಲೇಟರ್ ಕಿತ್ತು ಮೇಲಕ್ಕೆ ನುಗ್ಗಿದ. ಜೊತೆಗಿದ್ದ ಹುಡುಗ ಅವನ ಜಾಕೆಟ್ಟನ್ನು ಹಿಂದಿನಿಂದ ಹಿಡಿದು, ಬಾಯಿಗೆ ಮತ್ತೆ ಗಾಳಿ ತುರುಕಿ, ಹೊಟ್ಟೆ ತಟ್ಟಿ ಉಸಿರು ಬಿಡಿಸುತ್ತ ನಿಧಾನಕ್ಕೆ ತಂದ. ನಾನು ದೋಣಿಯಿಂದ ನೋಡಿದ್ದು ನೀಲಿಗಟ್ಟಿದ ತುಟಿ, ಸಿಳ್ಳೆ ಹೊಡೆಯುವ ಎದೆ. ಇನ್ಹೇಲರ್ ಎಲ್ಲಿ ಎಂದರೆ ಲಾಡ್ಜಿನ ಬ್ಯಾಗಿನಲ್ಲಿ. ಅಂದರೆ 19 ಕಿ.ಮೀ. ದೂರ. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇತ್ತು, ಅದನ್ನು ಹಾಕಲು ಬರುವವನೂ ಇದ್ದ. ಹಾಗಾಗಿ ನಮ್ಮ ತಮ್ಮ ಇದ್ದಾನೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಅವನನ್ನು ಬಿಟ್ಟು ನನ್ನ ಮುಖ ನೋಡಿ, "ನೀವು ಪೇಪರಿನವರಲ್ವಾ, ನಿಮಗೂ ಗೊತ್ತಾಗ್ಲಿಲ್ವಾ?" ಎಂದರು. ಉತ್ತರ ಕೊಡಲಿಲ್ಲ.

ಅವನನ್ನು ಹಿಡಿದು ತಂದ ಹುಡುಗ ಮೀನುಗಾರರ ಮನೆಯವನು. ಮೂರು ಸೀಸನ್ ಸಿಲಿಂಡರ್ ಹೊತ್ತು ಕೆಲಸ ಕಲಿತಿದ್ದಾನೆ. ಅವನ ಮೇಲೆ ನನಗೆ ಒಂದು ಮಾತೂ ಇಲ್ಲ.

ನನ್ನ ಜಗಳ ಆ ಫಾರ್ಮಿನ ಮೇಲೆ. ಫೋನಿನಲ್ಲಿ ಬುಕಿಂಗ್ ಮಾಡುವಾಗ ಕನ್ನಡ. ಮುಂಗಡ ಕೇಳುವಾಗ ಕನ್ನಡ. ವಿಡಿಯೋಗೆ ಬೇರೆ ದುಡ್ಡು ಎನ್ನುವಾಗ ಅಚ್ಚ ಕನ್ನಡ. ಅಪಾಯ ಹೇಳುವ ಕಾಗದ ಮಾತ್ರ ಇಂಗ್ಲಿಷ್! ಎಸ್ಸೆಸ್ಸೆಲ್ಸಿ ಓದಿದ ಹುಡುಗನಿಗೆ ಅದರಲ್ಲಿರುವ ವೈದ್ಯಕೀಯ ಪದಗಳು ಅರ್ಥವಾಗುತ್ತವೆ ಎಂದು ಯಾರೂ ನಂಬಿರಲಾರರು. ಅರ್ಥವಾಗಲಿ ಎಂದು ಕೊಡುವುದೂ ಇಲ್ಲ. ನಾಳೆ ಏನಾದರೂ ಆದರೆ 'ಅವನೇ ಸಹಿ ಹಾಕಿದ್ದಾನೆ' ಎನ್ನಲು ಒಂದು ಕಾಗದ ಬೇಕು, ಅಷ್ಟೆ.

ಆ ಫಾರ್ಮು ನಿಜವಾಗಿ ಕೆಟ್ಟದ್ದಲ್ಲ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಗರ್ಭಿಣಿಯೇ ಎಂಬುದು, ಇವನ್ನೆಲ್ಲ ಕೇಳುತ್ತದೆ. ಯಾವುದಕ್ಕಾದರೂ ಹೌದು ಎಂದರೆ ಜೈಲಿಲ್ಲ, ಡಾಕ್ಟರ ಒಪ್ಪಿಗೆ ತನ್ನಿ ಎನ್ನುತ್ತದೆ. ಆದರೆ ಭಾನುವಾರ ಬೆಳಗ್ಗೆ ಏಳು ಗಂಟೆಗೆ, ದೋಣಿಯ ಇಂಜಿನ್ ಚಾಲೂ ಆಗಿರುವಾಗ ಡಾಕ್ಟರನ್ನು ಎಲ್ಲಿಂದ ತರುವುದು? ಬುಕಿಂಗ್ ಆದ ದಿನವೇ ವಾಟ್ಸ್ಆ್ಯಪಿನಲ್ಲಿ ಕನ್ನಡದಲ್ಲಿ ಕಳಿಸಲಿ. ಆರೋಗ್ಯದ ಕಾರಣಕ್ಕೆ ಹಿಂದೆ ಸರಿದರೆ ಮುಂಗಡ ವಾಪಸ್ ಕೊಡಲಿ. ಮುಂಗಡ ಹೋಗುತ್ತದೆ ಎಂದಿರುವವರೆಗೆ ಜನ ಸುಳ್ಳೇ ಬರೆಯುತ್ತಾರೆ.

ಇದನ್ನು ಹೇಳಿದಾಗ ಒಬ್ಬ ಮಾಲೀಕರು ಸಿಟ್ಟಾದರು. ಹೀಗೆ ಹೆದರಿಸಿದರೆ ಅರ್ಧ ಜನ ವಾಪಸ್ ಹೋಗುತ್ತಾರೆ, ನಮ್ಮೂರ ಹುಡುಗರ ಹೊಟ್ಟೆ ಮೇಲೆ ಹೊಡೆಯುತ್ತೀರಿ ಎಂದರು. ಮಾತಿನಲ್ಲಿ ಹುರುಳಿದೆ, ಈ ಸೀಸನ್ನಿನಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆದರೆ 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಇದೇ ಮುರ್ಡೇಶ್ವರದ ಕಡಲಲ್ಲಿ ಮುಳುಗಿ ಸತ್ತಾಗ ವ್ಯಾಪಾರ ಏನಾಯಿತು ಎಂದು ದಡದ ಅಂಗಡಿಯವರನ್ನೇ ಕೇಳಿ. ಜನರನ್ನು ಓಡಿಸುವುದು ಪ್ರಶ್ನೆಯಲ್ಲ, ಸಾವು. ಕನ್ನಡದಲ್ಲಿ ಓದಿ ಹೇಳಿ, ಕಿವಿ ಆಪರೇಷನ್ ಆದ ಒಬ್ಬರನ್ನು ಗೌರವದಿಂದ ವಾಪಸ್ ಕಳಿಸಿದ ತಂಡವನ್ನೂ ಇಲ್ಲೇ ನೋಡಿದ್ದೇನೆ. ಅವರ ದೋಣಿ ಖಾಲಿ ಹೋಗುತ್ತಿಲ್ಲ.

ಹೋಗುವವರು ಹೋಗಿ. ಸಾಮಾನು ಕೊಳ್ಳಬೇಡಿ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ, ಅದಕ್ಕೆ ಬೇಕಾದ್ದೆಲ್ಲ ಅವರ ಬಳಿ ಇರುತ್ತದೆ. ಆಸೆ ತಡೆಯದಿದ್ದರೆ ಒಂದು ಮಾಸ್ಕು ಕೊಳ್ಳಿ, ಅದನ್ನೂ ಅಂಗಡಿಗೆ ಹೋಗಿ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದರೆ ಕೈ ಬಿಟ್ಟರೂ ಬೀಳಬಾರದು. ಉಳಿದ ದುಡ್ಡಿಗೆ ಈಜು ಕಲಿಯಿರಿ. ಸರ್ಟಿಫಿಕೇಟಿನ ಕೋರ್ಸಿಗೆ ಹೋದರೆ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಪ್ರವಾಸಿಗರಿಗೆ ಅದನ್ನು ಕೇಳುವುದಿಲ್ಲ, ನೀವೇ ಕೇಳಿಕೊಳ್ಳಿ. ದೋಣಿಯಲ್ಲಿ ಆಮ್ಲಜನಕ ಇದೆಯಾ ಎಂದು ಕೇಳಿ. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಅದನ್ನು ತೋರಿಸಿ 'ಇದೆ' ಎಂದರೆ ನಂಬಬೇಡಿ.

ಇನ್ನೊಂದು. ಮಧ್ಯಾಹ್ನ ಮೇಲೆ ಬಂದು ಸಂಜೆಯ ಬಸ್ಸಿಗೆ ಘಟ್ಟ ಹತ್ತುವವರಿದ್ದಾರೆ. ನೀರಿಗಿಳಿದ ಮೇಲೆ ಕನಿಷ್ಠ 12 ತಾಸು ವಿಮಾನ ಹತ್ತಬಾರದು, ಎರಡು ಮೂರು ಸಲ ಇಳಿದಿದ್ದರೆ 18 ತಾಸು. ಎತ್ತರದ ಊರಿಗೂ ಆ ಎಚ್ಚರ ಅನ್ವಯಿಸುತ್ತದೆ, ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಒಂದು ರಾತ್ರಿ ಕೆಳಗೇ ಉಳಿದು ಬೆಳಗ್ಗೆ ಹೊರಡಿ.

ಆ ಪ್ರಶ್ನೆಗಳನ್ನು ಕನ್ನಡಕ್ಕೆ ತಂದು, ಪರಿಚಯದ ಡಾಕ್ಟರಿಗೆ ತೋರಿಸಿ, ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಮೂರು ಕಡೆ ಕೊಟ್ಟು ಬಂದಿದ್ದೇನೆ. ಒಬ್ಬರು ಗೋಡೆಗೆ ಅಂಟಿಸಿದರು. ಒಬ್ಬರು ಮುಂದಿನ ಸೀಸನ್ನಿಗೆ ನೋಡೋಣ ಎಂದರು. ಮೂರನೆಯವರು ಅದರ ಹಿಂಬದಿಯಲ್ಲಿ ಯಾರದೋ ಫೋನ್ ನಂಬರ್ ಬರೆದುಕೊಂಡರು. ನಮ್ಮ ತಮ್ಮನ ಫಿನ್ ಜೋಡಿ ಚಿಕ್ಕಮ್ಮನ ಅಟ್ಟದ ಮೇಲಿದೆ. ಇನ್ನೂ ನಾಲ್ಕು ಕಂತು ಬಾಕಿ.