ತಂಗಿಯ ಕೈಗೆ ಪೊರಕೆ

ನನ್ನ ತಮ್ಮನ ಜೊತೆ ನನಗೊಂದು ಜಗಳ ಬಾಕಿ ಇದೆ. ಆಸ್ತಿಯ ಜಗಳವಲ್ಲ, ಅದು ಎಂದೋ ಸೌಹಾರ್ದವಾಗಿ, ಅಂದರೆ ನಾನು ಸಹಿ ಹಾಕಿಕೊಟ್ಟು, ಮುಗಿದಿದೆ. ಇದು ಒಂದು ವಿಡಿಯೋ ಗೇಮಿನ ಜಗಳ. ನಗಬೇಡಿ.

ತೊಂಬತ್ತರ ದಶಕದಲ್ಲಿ ಅಪ್ಪ ಬೆಂಗಳೂರಿಗೆ ಹೋದವರು ಹಾಸನದ ನಮ್ಮ ಮನೆಗೆ ಒಂದು ಟಿ.ವಿ. ಗೇಮ್ ತಂದರು. ಅದು ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ‘ಮಕ್ಕಳಿಗೆ’ ಎಂದೇ ತಂದದ್ದು. ಆದರೆ ನಮ್ಮ ಮನೆಯಲ್ಲಿ ಮಕ್ಕಳು ಎಂದರೆ ಬೆಳಿಗ್ಗೆ ಇಬ್ಬರು, ಸಂಜೆ ಒಬ್ಬ. ದೀಪ ಹಚ್ಚುವ ಹೊತ್ತಿಗೆ ನಾನು ಅಡುಗೆಮನೆಯ ಲೆಕ್ಕಕ್ಕೆ ಸೇರುತ್ತಿದ್ದೆ.

ತಮ್ಮ ಮುಳುಗಿಹೋಗಿದ್ದ ಆಟದ ಹೆಸರು ರಾಕ್‌ಮ್ಯಾನ್. ಒಸಾಕಾದ ಕ್ಯಾಪ್‌ಕಾಮ್ ಕಂಪನಿ 1987ರ ಡಿಸೆಂಬರಿನಲ್ಲಿ ಹೊರತಂದದ್ದು. ಅಮೆರಿಕದಲ್ಲಿ ಅದೇ ಮೆಗಾ ಮ್ಯಾನ್. ಆಡದವರಿಗಾಗಿ ಕತೆ ಹೇಳಿಬಿಡುತ್ತೇನೆ. ಡಾಕ್ಟರ್ ಲೈಟ್ ಎಂಬ ಒಳ್ಳೆಯ ವಿಜ್ಞಾನಿ ಮನುಷ್ಯರಿಗೆ ನೆರವಾಗಲೆಂದು ರೋಬೋಟುಗಳನ್ನು ಮಾಡುತ್ತಾನೆ. ಮರ ಕಡಿಯಲು ಕಟ್ ಮ್ಯಾನ್, ಬಂಡೆ ಎತ್ತಲು ಗಟ್ಸ್ ಮ್ಯಾನ್, ಹೀಗೆ ಆರು ಮಂದಿ. ಡಾಕ್ಟರ್ ವೈಲಿ ಎಂಬ ಕೆಟ್ಟವನು ಆ ಆರನ್ನೂ ಕದ್ದು ಲೋಕದ ಮೇಲೆ ಛೂ ಬಿಡುತ್ತಾನೆ. ಆಗ ಲೈಟ್ ಮನೆಯಲ್ಲಿ ಉಳಿಯುವುದು ಇಬ್ಬರು. ಒಬ್ಬ ರಾಕ್, ಪ್ರಯೋಗಾಲಯದಲ್ಲಿ ಕೈಗೆ ಕೈ ಕೊಡುವ ಹುಡುಗ. ಇನ್ನೊಬ್ಬಳು ರೋಲ್, ಅವನ ತಂಗಿ, ಮನೆಗೆಲಸದವಳು. ರಾಕ್ ‘ನನ್ನನ್ನು ಯುದ್ಧಕ್ಕೆ ತಯಾರು ಮಾಡಿ’ ಎಂದು ತಾನೇ ಕೇಳಿಕೊಳ್ಳುತ್ತಾನೆ. ನೀಲಿ ಕವಚ, ತೋಳಿನ ತುದಿಗೆ ಕೋವಿ. ಅಲ್ಲಿಂದ ಆಟ. ಓಡಬೇಕು, ಹಾರಬೇಕು, ಗುಂಡು ಹೊಡೆಯಬೇಕು, ಸೋತವನ ಆಯುಧವನ್ನು ಕಿತ್ತುಕೊಂಡು ಮುಂದಿನವನ ಮೇಲೆ ಬಳಸಬೇಕು.

ಈ ಮೊದಲ ಆಟಕ್ಕೆ ಒಂದು ಗುಣವಿತ್ತು. ಎಲ್ಲಿಯವರೆಗೆ ಬಂದೆವೆಂದು ಉಳಿಸಿಟ್ಟುಕೊಳ್ಳುವ ಹಾಗಿರಲಿಲ್ಲ. ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ. ಹಾಗಾಗಿ ನಮ್ಮೂರಿನ ಕರೆಂಟು ಹೋದಾಗಲೆಲ್ಲ ತಮ್ಮ ಗೋಳಾಡುತ್ತಿದ್ದ, ಅಮ್ಮ ಮರುಗುತ್ತಿದ್ದಳು. ನನಗೆ ಅದು ಅರ್ಥವಾಗುತ್ತಲೇ ಇರಲಿಲ್ಲ. ಲೆಕ್ಕ ಮಾಡಲು ಕೂತರೆ ಎಬ್ಬಿಸುವುದು, ಕಾದಂಬರಿ ಹಿಡಿದರೆ ಎಬ್ಬಿಸುವುದು, ಹಾಲು ನೋಡು, ಹಿತ್ತಲ ಬಾಗಿಲು ಹಾಕು, ಅಜ್ಜಿಗೆ ನೀರು ಕೊಡು... ಪ್ರತಿ ಸಲ ಮೊದಲಿನಿಂದ ಶುರುಮಾಡುವುದು ನನಗೆ ದಿನದ ರೂಢಿ. ಅವನಿಗೆ ಅದು ಕರೆಂಟು ಹೋದಾಗ ಮಾತ್ರ ಬರುವ ದುರಂತ!

ಆಟ ಆಡದಿದ್ದರೂ ಅದರ ಹಾಡುಗಳೆಲ್ಲ ನನಗೆ ಬಾಯಿಪಾಠ. ಅವರೆಕಾಳು ಹಿಚುಕುತ್ತ ಕೇಳಿದ್ದು. ಎಲೆಕ್ ಮ್ಯಾನ್‌ನ ದಾರಿಯ ರಾಗ ಬಂದರೆ ಇವತ್ತಿಗೂ ನನ್ನ ಬೆರಳು ಕಾಳು ಹಿಚುಕುತ್ತದೆ.

ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ತಮ್ಮ ಬಂದಾಗ ಆ ಹಳೆಯ ಆಟಗಳ ಸಂಕಲನವನ್ನು ತಂದಿದ್ದ. ಮೊದಲ ಆರು ಆಟಗಳನ್ನು ಒಟ್ಟು ಮಾಡಿ ಕ್ಯಾಪ್‌ಕಾಮ್ 2015ರಲ್ಲಿ ಹೊರತಂದದ್ದು. ಇದರಲ್ಲಿ ಆಟವನ್ನು ಎಲ್ಲಿ ಬೇಕೋ ಅಲ್ಲಿ ಉಳಿಸಿಡಬಹುದು. ನನ್ನ ಮಗಳು ಕೂತು ಎರಡು ದಿನದಲ್ಲಿ ಮುಗಿಸಿಯೇಬಿಟ್ಟಳು. ತಮ್ಮ ಬೆಕ್ಕಸ ಬೆರಗಾದ. ಅವನು ಆಟದ ಕೊನೆಯನ್ನು ನೋಡಿರಲೇ ಇಲ್ಲವಂತೆ.

ಆ ಕೊನೆಯಲ್ಲಿ ಏನಿದೆ ಗೊತ್ತೆ? ಲೋಕ ಗೆದ್ದು ಬಂದ ರಾಕ್‌ನನ್ನು ಎದುರುಗೊಳ್ಳಲು ಲೈಟ್ ಜೊತೆ ರೋಲ್ ನಿಂತಿದ್ದಾಳೆ. ಇಡೀ ಆಟದಲ್ಲಿ ಅವಳು ಬರುವುದು ಆಗ. ಅಷ್ಟು ಸಂಜೆಗಳು ಆಡಿದವನಿಗೆ ಆ ಮನೆಯಲ್ಲಿ ಒಬ್ಬ ತಂಗಿ ಇದ್ದಾಳೆಂಬುದೇ ಗೊತ್ತಿರಲಿಲ್ಲ.

ಅಲ್ಲೇ ಆಟ ಮಾಡಿದವರ ಹೆಸರುಗಳೂ ಬರುತ್ತವೆ. ಅಸಲಿ ಹೆಸರುಗಳಲ್ಲ. ತಮ್ಮವರನ್ನು ಬೇರೆ ಕಂಪನಿ ಸೆಳೆದುಕೊಂಡೀತೆಂಬ ಅಂಜಿಕೆಯಿಂದ ಆಗಿನ ಜಪಾನಿನ ಕಂಪನಿಗಳು ಅಡ್ಡಹೆಸರು ಹಾಕಿಸುತ್ತಿದ್ದವು. ಧ್ವನಿಯ ಪ್ರೋಗ್ರಾಂ ಬರೆದವರು ‘ಯೂಕಿಚಾನ್‌ನ ಪಪ್ಪ’. ಇಂಥವರ ಅಮ್ಮ ಎಂದೇ ಕರೆಸಿಕೊಂಡು ಸ್ವಂತ ಹೆಸರು ಮರೆತವರು ನಮ್ಮ ಬೀದಿಯಲ್ಲಿ ಎಷ್ಟಿಲ್ಲ! ಇಲ್ಲೊಬ್ಬ ಗಂಡಸಿಗೂ ಆ ಭಾಗ್ಯ. ಸಂಗೀತದ ಎದುರಿಗೆ ‘ಚಾಂಚಾಕೋರಿನ್ ಮನಾಮಿ’. ಆಕೆ ಮನಾಮಿ ಮತ್ಸುಮಾಯೆ, 1987ರಲ್ಲೇ ಕೆಲಸಕ್ಕೆ ಸೇರಿದ್ದ ಹೆಣ್ಣುಮಗಳು. ಆ ಬಡ ಯಂತ್ರದಲ್ಲಿ ರಾಗಕ್ಕೆ ಎರಡು ದನಿ, ಕೆಳಸ್ವರಕ್ಕೆ ಒಂದು, ತಾಳಕ್ಕೆ ಬುಸುಗುಡುವ ಒಂದು ಸದ್ದು, ಹೆಚ್ಚುಕಡಿಮೆ ಅಷ್ಟೇ ಬಂಡವಾಳ. ಅದರಲ್ಲೂ ಹುಡುಗ ಗುಂಡು ಹಾರಿಸಿದಾಗ ರಾಗದ ಒಂದು ದನಿ ಅಡಗಿ, ಗುಂಡಿನ ಸದ್ದು ಆ ಜಾಗ ಹಿಡಿಯುತ್ತದೆ. ಅಷ್ಟರಲ್ಲೇ ಆಕೆ ಕಟ್ಟಿದ ರಾಗ ಹಾಸನದ ಒಂದು ಅಡುಗೆಮನೆಗೆ ಬಂದು ಮೂವತ್ತು ವರ್ಷ ಉಳಿಯಿತು.

ಆಕೆ ಒಬ್ಬರೇ ಏನಲ್ಲ. 1991ರ ನಾಲ್ಕನೆಯ ಆಟಕ್ಕೆ ಸಂಗೀತ ಮಿನಾಯೆ ಫುಜಿಯಿ. ಅದೇ ವರ್ಷ ಲೋಕವನ್ನೇ ಕುಣಿಸಿದ ‘ಸ್ಟ್ರೀಟ್ ಫೈಟರ್ 2’ರ ಬಹುಪಾಲು ಸಂಗೀತ ಯೋಕೊ ಶಿಮೊಮುರಾ. ಇಂಥ ಹೆಂಗಸರು ಕೂತು ಕೆಲಸ ಮಾಡುತ್ತಿದ್ದ ಕಂಪನಿಗೆ, ಕತೆ ಬರೆಯುವಾಗ ಹುಡುಗಿಯೊಬ್ಬಳಿಗೆ ಕೊಡಲು ಹೊಳೆದದ್ದು ಪೊರಕೆ!

ಇದನ್ನು ಹೇಳಿದ್ದೇ ತಮ್ಮ ರೇಗಿದ. “ಅಕ್ಕಾ, ಅದು ಆಟ ಅಷ್ಟೆ. ಅವಳನ್ನ ಮನೆಕೆಲಸಕ್ಕೇ ಮಾಡಿದ್ದು. ಯಂತ್ರ ಕಣೆ ಅದು.”

ಯಂತ್ರ, ಸರಿ. ಹಾಗಾದರೆ ಅದು ಹೆಣ್ಣಾದದ್ದು ಯಾಕೆ? ಬಸಿರಿಲ್ಲ, ಬಾಣಂತನವಿಲ್ಲ, ಅತ್ತೆಮನೆಯಿಲ್ಲ. ನಮ್ಮನ್ನು ಮನೆಯೊಳಗೆ ಇರಿಸಲು ಲೋಕ ಕೊಡುವ ಒಂದು ಕಾರಣವೂ ಆ ಕಬ್ಬಿಣಕ್ಕೆ ಅನ್ವಯಿಸುವುದಿಲ್ಲ. ಆದರೂ ಗುಡಿಸುವುದು ಎಂದ ಕೂಡಲೇ ಅದಕ್ಕೊಂದು ಕೆಂಪು ಫ್ರಾಕು, ಜುಟ್ಟಿಗೊಂದು ರಿಬ್ಬನ್ನು. ಈಗ ಅಂಗಡಿಯಲ್ಲಿ ಸಿಗುವ ಗುಡಿಸುವ ಯಂತ್ರ ಊಟದ ತಟ್ಟೆಯ ಹಾಗೆ ಗುಂಡಗಿದೆ. ಅದಕ್ಕೆ ರಿಬ್ಬನ್ನಿಲ್ಲ, ಕಸ ಚೆನ್ನಾಗಿಯೇ ತೆಗೆಯುತ್ತದೆ. ‘ಮನೆಕೆಲಸಕ್ಕೇ ಮಾಡಿದ್ದು’ ಎಂಬ ವಾದವಂತೂ ರಾಕ್‌ನ ಮುಂದೆಯೇ ಬಿದ್ದುಹೋಗುತ್ತದೆ. ಅವನನ್ನೇನು ಯುದ್ಧಕ್ಕೆ ಮಾಡಿದ್ದರೆ? ಅವನು ಕೇಳಿದ, ಅವನನ್ನು ಬಿಚ್ಚಿ ಬೇರೆ ಮಾಡಿ ಜೋಡಿಸಿದರು. ಅವಳು ಕೇಳಿದಳೋ ಇಲ್ಲವೋ, ಅವಳ ಬಾಯಿಗೆ ಆ ಮಾತನ್ನು ಇಡಬೇಕೆಂದು ಕತೆಗಾರರಿಗೆ ತೋಚಲಿಲ್ಲ.

ಅವಳಿಗೂ ಕೋವಿ ಕೊಡಿ ಎಂದು ನಾನು ಹಟ ಹಿಡಿದಿಲ್ಲ. ಕೋವಿಯ ಮೇಲೆ ನನಗೆ ಅಂಥ ಮೋಹವೂ ಇಲ್ಲ. ಆ ಮನೆಯಲ್ಲಿ ಬದಲಾಗುವ ಅವಕಾಶ ಒಬ್ಬರಿಗೇ ಬಂತಲ್ಲ, ಜಗಳ ಅದರದ್ದು.

“ಆಮೇಲೆ ಸರಿಮಾಡಿದ್ರಲ್ಲ” ಎಂದು ತಮ್ಮ ಮೊಬೈಲು ತೆಗೆದ. ಹೌದು, 2006ರಲ್ಲಿ ಮೊದಲ ಆಟವನ್ನು ಹೊಸದಾಗಿ ಮಾಡಿದಾಗ ರೋಲ್ ಆಗಿಯೂ ಆಡಬಹುದಿತ್ತು. ಆಯುಧ ಏನು? ಪೊರಕೆ! 2008ರ ಇನ್ನೊಂದು ಕಾದಾಟದ ಆಟದಲ್ಲಿ ಪೊರಕೆಯ ಜೊತೆ ಬಕೆಟ್ಟೂ ಸೇರಿತು. ನಮ್ಮ ಹಳೆಯ ಸಿನಿಮಾಗಳಲ್ಲಿ ಲಟ್ಟಣಿಗೆ ಹಿಡಿದು ಬರುವ ಹೆಂಡತಿಯನ್ನು ನೋಡಿ ನಾವೂ ನಕ್ಕವರೇ. ಅದನ್ನೇ ಜಪಾನಿನವರು ಬಡ್ತಿ ಎಂದು ಕೊಟ್ಟಿದ್ದಾರೆ. ಅದೇ 2008ರಲ್ಲಿ, ಒಂಬತ್ತನೆಯ ಆಟದಲ್ಲಿ, ಎದುರಾಳಿ ರೋಬೋಟುಗಳ ಸಾಲಿಗೆ ಮೊದಲ ಹೆಣ್ಣು ಬಂದಳು, ಸ್ಪ್ಲಾಶ್ ವುಮನ್. ಅಷ್ಟು ಹೊತ್ತಿಗೆ ಅರವತ್ತಕ್ಕೂ ಹೆಚ್ಚು ‘ಮ್ಯಾನ್’ಗಳು ಬಂದುಹೋಗಿದ್ದರು.

“ನೀನು ದಿನಾ ಸಂಜೆ ಎರಡು ಮೂರು ಗಂಟೆ ಆಡ್ತಿದ್ದೆಯಲ್ಲ, ಅಷ್ಟು ಹೊತ್ತು ನಿನ್ನನ್ನ ಯಾರೂ ಎಬ್ಬಿಸ್ತಿರಲಿಲ್ಲ ಯಾಕೆ ಅಂತ ಯೋಚನೆ ಮಾಡಿದ್ದೀಯೇನೋ?” ಎಂದೆ. ಅವನು ಉತ್ತರ ಕೊಡಲಿಲ್ಲ. ಮಗಳು ಮಾತ್ರ ಏನೂ ಹೇಳದೆ ಆಟದ ಹಿಡಿಕೆಯನ್ನು ನನ್ನ ಕೈಗಿಟ್ಟಳು.

ಗಟ್ಸ್ ಮ್ಯಾನ್‌ನ ದಾರಿಯಲ್ಲಿ ಶುರುವಿಗೇ ಸರಿದಾಡುವ ಹಲಗೆಗಳಿವೆ. ಹಳಿ ಕಡಿದಿರುವ ಕಡೆ ಅವು ಕೆಳಕ್ಕೆ ವಾಲಿಬಿಡುತ್ತವೆ. ಮೊದಲನೆಯದರಲ್ಲೇ ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಮೂರನೆಯ ಸಲ ಎರಡು ಹಲಗೆ ದಾಟುವಷ್ಟರಲ್ಲಿ ಒಳಗಿನಿಂದ ಹಾಲು ಸೀದ ವಾಸನೆ ಬಂತು.

“ಯಾರಾದರೂ ಹೋಗಿ ನೋಡ್ರಪ್ಪ” ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

ತಮ್ಮನೇ ಎದ್ದು ಹೋದ. ಸ್ವಲ್ಪ ಹೊತ್ತಿಗೆ, ಒಲೆ ಒರೆಸುವ ಬಟ್ಟೆ ಎಲ್ಲಿಟ್ಟಿದ್ದೀ ಎಂದು ಅಲ್ಲಿಂದಲೇ ಕೂಗಿದ.