ಗಂಡೋ ಹೆಣ್ಣೋ? ಗಪ್ಪಿ ಮೀನಿನ ಲೆಕ್ಕ

ಮಳೆಗಾಲ ಬಂತೆಂದರೆ ನಮ್ಮ ಬೆನ್ಸನ್ ಟೌನ್‌ನಲ್ಲೂ ಡೆಂಗಿ ಭಯ ಶುರು. ಸೊಳ್ಳೆ ಮರಿ ತಿನ್ನಲಿ ಅಂತ ಬಾಲ್ಕನಿಯ ತಾವರೆ ಟಬ್‌ನಲ್ಲಿ ಗಪ್ಪಿ ಮೀನು ಬಿಟ್ಟಿದ್ದೇನೆ. ಇವುಗಳಲ್ಲಿ ಗಂಡು ಹೆಣ್ಣು ಗುರುತಿಸೋದು ಸುಲಭ. ಬಣ್ಣದ ಬಾಲದ ಪುಟ್ಟದು ಗಂಡು, ಮಾಸಲು ಬಣ್ಣದ ದಪ್ಪನೆಯದು ಹೆಣ್ಣು.

ಈ ಬಣ್ಣದ ಹಿಂದೆ ಒಂದು ಕಥೆ ಇದೆ. ಗಂಡು ಗಪ್ಪಿಯ ಕೆಲವು ಕಲೆಗಳು ಅಪ್ಪನಿಂದ ಮಗನಿಗೆ ಮಾತ್ರ ಬರುತ್ತವೆ. ಅದರ ಜೀನ್ ಇರೋದು ವೈ ಕ್ರೋಮೋಸೋಮ್ ಮೇಲೆ ಅಂತ 1922ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ವಿಂಗೆ ತೋರಿಸಿದರು. ಅಂದರೆ ನಮ್ಮಂತೆಯೇ ಗಪ್ಪಿಯಲ್ಲೂ ಎಕ್ಸ್ಎಕ್ಸ್ ಹೆಣ್ಣು, ಎಕ್ಸ್‌ವೈ ಗಂಡು.

ಹಾಗಂತ ನಮ್ಮ ವೈಗೂ ಗಪ್ಪಿಯ ವೈಗೂ ನಂಟಿಲ್ಲ. ಎಕ್ಸ್, ವೈ ಮೊದಲು ಬೇರೆಲ್ಲವುಗಳಂಥ ಮಾಮೂಲಿ ಜೋಡಿಯೇ. ಒಂದರ ಮೇಲೆ 'ಗಂಡಾಗು' ಎನ್ನುವ ಜೀನ್ ಬಂದು ಕೂತರೆ ಅದು ವೈ ಆಗುತ್ತೆ. ಗಂಡಿಗೆ ಅನುಕೂಲವಾಗಿ ಹೆಣ್ಣಿಗೆ ತೊಂದರೆ ಕೊಡುವ ಗುಣಗಳು ಅದರ ಪಕ್ಕ ಸೇರಿದರೆ, ಎರಡೂ ಬೆರೆಯದೆ ದೂರ ಉಳಿಯೋದೇ ಲಾಭ. ಹಾಗೆ ಬೆರೆಯದ ವೈ ನಿಧಾನಕ್ಕೆ ಸವೆಯುತ್ತೆ. ನಮ್ಮ ಎಕ್ಸ್‌ನಲ್ಲಿ 800ಕ್ಕೂ ಹೆಚ್ಚು ಜೀನ್‌ಗಳಿದ್ದರೆ ವೈನಲ್ಲಿ 100ರ ಆಸುಪಾಸು. ಗಪ್ಪಿಯಲ್ಲಿ ಎರಡೂ ಇನ್ನೂ ಬಹುಪಾಲು ಒಂದೇ ಥರ.

ಮೀನುಗಳಲ್ಲಿ ಇದು ಮತ್ತೆ ಮತ್ತೆ ಹೊಸದಾಗಿ ನಡೆದಿದೆ. ಜಪಾನಿನ ಮೆಡಾಕ ಮೀನಿನಲ್ಲಿ 2002ರಲ್ಲಿ ಸಿಕ್ಕ ಗಂಡು ಜೀನ್, ಬೇರೊಂದು ಕ್ರೋಮೋಸೋಮ್‌ನ ಜೀನಿನ ನಕಲು. ಸೊಳ್ಳೆ ತಡೆಯಲು ಬಿಡುವ ಇನ್ನೊಂದು ಮೀನು ಗಂಬೂಸಿಯಾ ಅಫಿನಿಸ್. ಅಲ್ಲಂತೂ ಲೆಕ್ಕವೇ ಉಲ್ಟಾ, ಮರಿ ಗಂಡೋ ಹೆಣ್ಣೋ ಅಂತ ನಿರ್ಧಾರ ಆಗೋದು ತಾಯಿಯ ಮೊಟ್ಟೆಯಿಂದ. ನೋಡಲು ಅವಳಿಯಂತಿರುವ ಹತ್ತಿರದ ಬಂಧು ಗಂಬೂಸಿಯಾ ಹೋಲ್‌ಬ್ರೂಕಿಯಲ್ಲಿ ಮಾತ್ರ ತಂದೆಯ ವೀರ್ಯದಿಂದ!

ಇದೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, "ಇವಳು ಮತ್ತೆ ಹೆಣ್ಣೇ ಹೆತ್ತಳು" ಅನ್ನೋ ಮಾತು ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಗಂಬೂಸಿಯಾ ಅಫಿನಿಸ್ ಸಂಸಾರದಲ್ಲಾದರೆ "ತಾಯಿಯಿಂದಲೇ" ಅನ್ನಬಹುದಿತ್ತು. ಮನುಷ್ಯರಲ್ಲಿ ತಾಯಿಯ ಮೊಟ್ಟೆ ಕೊಡೋದು ಎಕ್ಸ್ ಮಾತ್ರ. ಎಕ್ಸ್ ಅಥವಾ ವೈ ಬರೋದು ಅಪ್ಪನ ಕಡೆಯಿಂದ, ಅದೂ ಅವನ ಕೈಯಲ್ಲಿಲ್ಲ. ಮುಂದಿನ ನಾಮಕರಣದಲ್ಲಿ ಯಾರಾದರೂ ಸೊಸೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರೆ, ಹಿರಿಯರಾದರೂ ಸರಿ, ಮೆಲ್ಲಗೆ ಇಷ್ಟು ಹೇಳಿಬಿಡಿ.