ಮಣ್ಣು ಕಡಿದವರ ಮಾತು: ಗುಬ್ಬಿ ರೈಲುಮಾರ್ಗವನ್ನು ಕುರಿತು

ಗುಬ್ಬಿಯ ಸಾಂಸ್ಕೃತಿಕ ಚರಿತ್ರೆಯಲ್ಲಿ 1884 ನಾಟಕ ಕಂಪನಿ ಹುಟ್ಟಿದ ವರ್ಷವೆಂದೇ ಪ್ರಸಿದ್ಧ. ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ರೈಲು ಓಡಿದುದೂ ಅದೇ ವರ್ಷ; ಆ ಮಾರ್ಗ ಗುಬ್ಬಿಯನ್ನು ಹಾಯ್ದು 1889ರಲ್ಲಿ ಹರಿಹರವನ್ನು ಮುಟ್ಟಿತು. ಕಂಪನಿಯ ಚರಿತ್ರೆಯನ್ನು ಅಕ್ಕರೆಯಿಂದ ಬರೆದ ಕನ್ನಡ ವಿದ್ವತ್ತು, ರೈಲುದಾರಿಗಾಗಿ ದಿಣ್ಣೆ ಕಡಿದವರನ್ನು ಮಾತ್ರ ಇತಿಹಾಸಕಾರರಿಗೂ ಎಂಜಿನಿಯರರಿಗೂ ಬಿಟ್ಟುಕೊಟ್ಟಿದೆ. ಈ ವಿಂಗಡಣೆ ಒಪ್ಪತಕ್ಕದ್ದಲ್ಲ.

ಉಗಿಬಂಡಿಗೆ ಕಡಿದಾದ ಏರು ಆಗದು. ಆದ್ದರಿಂದ ದಿಣ್ಣೆಯನ್ನು ಕಡಿದು, ಆ ಮಣ್ಣನ್ನೇ ಮುಂದಿನ ತಗ್ಗಿಗೆ ಸುರಿದು ಏರಿ ಹಾಕುತ್ತಿದ್ದರು. ಮೊದಲು ನಡುವೆ ಇಕ್ಕಟ್ಟಾದ ಓಣಿ. ಬಳಿಕ ಇಕ್ಕೆಲಗಳ ಅಗಲಿಕೆ. ಗರಸಿಗೆ ಪಿಕಾಸಿ, ಗುದ್ದಲಿ; ಬಂಡೆ ಎದುರಾದರೆ ಕುಳಿ ಕೊರೆದು ಮದ್ದು ತುಂಬಿ ಸಿಡಿಸುವುದು. ಇಂಗ್ಲೆಂಡಿನಲ್ಲಿ 1870ರ ದಶಕದಲ್ಲಿಯೇ ಉಗಿಯಿಂದ ಅಗೆಯುವ ಯಂತ್ರ ಬಂದಿದ್ದರೂ ಇಲ್ಲಿನ ಯಂತ್ರವೆಂದರೆ ಅಗೆಯುವ ಗಂಡಸು, ಬುಟ್ಟಿ ಹೊರುವ ಹೆಂಗಸು. ಮಣ್ಣುಕೆಲಸದ ಕೂಲಿಗೆ ಘನ ಅಡಿಯೇ ಅಳತೆ. ಹೊರುವ ದೂರ 'ಲೀಡು', ಏರಿಸುವ ಎತ್ತರ 'ಲಿಫ್ಟು'. ಆಳವನ್ನು ಅಳೆಯಲು ನಡುನಡುವೆ ಅಗೆಯದೆ ಬಿಟ್ಟ ಮಣ್ಣಿನ ಕಂಬಗಳೇ ಸಾಕ್ಷಿ. ಕಂಬವನ್ನು ದಿಬ್ಬದ ನೆತ್ತಿಯಲ್ಲಿ ಬಿಟ್ಟರೆ ಕೂಲಿ ಹೆಚ್ಚು, ತಗ್ಗಿನಲ್ಲಿ ಬಿಟ್ಟರೆ ಕಡಿಮೆ. ಹೀಗಾಗಿ ಅನ್ನದ ಪ್ರಶ್ನೆ ಆ ಕಂಬದ ಮೇಲೆಯೇ ನಿಂತಿತ್ತು.

ಈ ಚೌಕಾಸಿ ನಡೆದುದು ಯಾವ ಮಾತಿನಲ್ಲಿ? ದಕ್ಷಿಣ ಭಾರತದ ರೈಲುಮಾರ್ಗಗಳ ಮಣ್ಣುಕೆಲಸದಲ್ಲಿ ಒಡ್ಡ ಸಮುದಾಯದ, ಇಂದು ಭೋವಿ ಎಂದು ಗುರುತಿಸಿಕೊಳ್ಳುವವರ, ದುಡಿಮೆ ಅಪಾರ. ಥರ್ಸ್ಟನ್ 1909ರಲ್ಲಿ ಅವರ ಬಗ್ಗೆ ಬರೆದ. ಇಯಾನ್ ಕೆರ್ 1995ರಲ್ಲಿ ರೈಲು ಕಟ್ಟಿದ ಕೂಲಿಗಳ ಚರಿತ್ರೆಯನ್ನೇ ಹೊರತಂದ. ಕನ್ನಡ ಜಾನಪದ ಸಂಗ್ರಹಕಾರರು ಈ ದಿಕ್ಕಿಗೆ ಅಷ್ಟಾಗಿ ಹೊರಳಲಿಲ್ಲ. ಕಾರಣಗಳಲ್ಲಿ ಒಂದು ಮುಜುಗರದ್ದು: ಇವರಲ್ಲಿ ಅನೇಕರ ಮನೆಮಾತು ತೆಲುಗಿನ ಒಂದು ಬಗೆ. ಕನ್ನಡ ಪದಗಳನ್ನಷ್ಟೇ ಕೇಳಿಕೊಂಡು ಹೋದವರಿಗೆ ಈ ಶಬ್ದಸಂಪತ್ತು ದಕ್ಕುವಂತಿಲ್ಲ. ಕಡಬದಂಥ ದೊಡ್ಡ ಕೆರೆಯಿರುವ ತಾಲ್ಲೂಕಿನಲ್ಲಿ ಕೆರೆಯ 'ಏರಿ' ರೈಲಿಗೂ ಏರಿಯಾಯಿತು. ಕಡಿದ ಓಣಿ ಮಾತ್ರ ರೈಲ್ವೆಯವರ ಬಾಯಲ್ಲಿ 'ಕಟಿಂಗ್' ಆಗಿಯೇ ಉಳಿಯಿತು. ಇದು ಭಾಷಾಶಾಸ್ತ್ರದ ಪ್ರಶ್ನೆಯಲ್ಲದೆ ಮತ್ತೇನು?

1990ರ ದಶಕದ ಗೇಜ್ ಪರಿವರ್ತನೆ, ಅನಂತರದ ಜೋಡಿಹಳಿ ಕಾಮಗಾರಿಗಳ ತರುವಾಯ ಕೈಯಿಂದ ಕಡಿದ ಹಳೆಯ ಗೋಡೆಗಳು ಹಾಗೆಯೇ ಉಳಿದಾವೆಂದು ನಂಬುವಂತಿಲ್ಲ. ಬಾವಿ, ಕೆರೆಗಳನ್ನು ಕೈಯಾರೆ ತೋಡಿದ ಹಿರಿಯರು ಇನ್ನೂ ಇದ್ದಾರೆ. ತುಮಕೂರು ಸೀಮೆಯ ಕನ್ನಡ ವಿಭಾಗಗಳು ತೆಲುಗು ಬಲ್ಲ ಸಂಶೋಧಕರನ್ನು ಜೊತೆಗೂಡಿಸಿಕೊಂಡು ಅವರ ಬಳಿಗೆ ಹೋಗಬೇಕು. ಅಗೆಯದೆ ಬಿಟ್ಟ ಆ ಮಣ್ಣಿನ ಕಂಬಕ್ಕೆ ಮನೆಮಾತಿನಲ್ಲಿ ಏನೆನ್ನುತ್ತಾರೆಂದು ಮೊದಲು ಕೇಳಬೇಕು.